ಬಿಯರಿಗೆ ತಕ್ಕ ಬಟ್ಟಲು

ಫಿಲ್ಟರ್ ಕಾಫಿಯನ್ನು ಗಾಜಿನ ಲೋಟದಲ್ಲಿ ಕೊಟ್ಟರೆ ಹುಬ್ಬು ಗಂಟಿಕ್ಕುವವರಿದ್ದಾರೆ. ಅದೇ ಡಿಕಾಕ್ಷನ್, ಅದೇ ಹಾಲು, ಅದೇ ಸಕ್ಕರೆ. ಆದರೂ ಸ್ಟೀಲಿನ ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎತ್ತಿ ಹೊಯ್ದು ನೊರೆ ಬರಿಸದಿದ್ದರೆ ಅದು ಕಾಫಿಯೇ ಅಲ್ಲವೆಂಬುದು ಅವರ ವಾದ. ಹಟವೆಂದು ನಗುವುದು ಸುಲಭ. ಆದರೆ ಹಾಗೆ ಹೊಯ್ಯುವಾಗ ಕಾಫಿ ಹದವಾಗಿ ಆರುತ್ತದೆ, ಅದರೊಳಗೆ ಗಾಳಿ ಬೆರೆಯುತ್ತದೆ, ಪರಿಮಳ ಮೂಗಿಗೆ ಏರುತ್ತದೆ. ಅಡುಗೆಯ ಕೊನೆಯ ಹಂತ ಒಲೆಯ ಮೇಲೆ ಮುಗಿಯದೆ ಕುಡಿಯುವವನ ಕೈಯಲ್ಲಿರುವ ಪಾತ್ರೆಯಲ್ಲಿ ಮುಗಿಯುತ್ತದೆ.

ಈ ಮಾತು ಕಾಫಿಗಿಂತ ಹೆಚ್ಚಾಗಿ ಬಿಯರಿಗೆ ಒಪ್ಪುತ್ತದೆ. ಅದರಲ್ಲೂ ಮನೆಯಲ್ಲಿ ತಯಾರಿಸಿದ ಬಿಯರಿಗೆ. ಬ್ರಿಟನ್ನಿನಲ್ಲಿ ಮನೆಯಲ್ಲಿ ಬಿಯರ್ ಮಾಡಲು 1963ರವರೆಗೂ ಪರವಾನಗಿ ಬೇಕಿತ್ತು. ಆ ವರ್ಷದ ಬಜೆಟ್ಟಿನಲ್ಲಿ ಅಲ್ಲಿನ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಅದನ್ನು ತೆಗೆದುಹಾಕಿದರು. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರಿನಲ್ಲಿ ಸಹಿ ಹಾಕಿದ ಕಾನೂನು 1979ರ ಫೆಬ್ರವರಿಯಿಂದ ಜಾರಿಗೆ ಬಂತು. ಅದರಂತೆ ಒಬ್ಬ ವಯಸ್ಕ ತನ್ನ ಬಳಕೆಗಾಗಿ ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 378 ಲೀಟರ್, ತೆರಿಗೆಯಿಲ್ಲದೆ ತಯಾರಿಸಿಕೊಳ್ಳಬಹುದು. ನಮ್ಮಲ್ಲಿ ಪರಿಸ್ಥಿತಿ ಬೇರೆ. ಕರ್ನಾಟಕದ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ಇಳಿಸುವುದು ಅಪರಾಧ. ಆದ್ದರಿಂದ ಮುಂದಿನ ಮಾತುಗಳೆಲ್ಲ ಆ ಹವ್ಯಾಸಕ್ಕೆ ಕಾನೂನಿನ ಒಪ್ಪಿಗೆ ಇರುವ ಊರುಗಳಿಗೆ ಸಂಬಂಧಿಸಿದವು.

ಅಂಥ ಊರಿನಲ್ಲಿ ಹವ್ಯಾಸಿಯೊಬ್ಬ ಮೊಳಕೆ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಸಿ, ಹಾಪ್ಸ್ ಹೂವಿನೊಂದಿಗೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ, ವಾರಗಟ್ಟಲೆ ಕಾಯುತ್ತಾನೆ. ಪಾತ್ರೆಗಳನ್ನೆಲ್ಲ ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ತೊಳೆಯುವಂತೆ ತೊಳೆಯುತ್ತಾನೆ. ಕೊನೆಗೆ ನೆಂಟರು ಬಂದಾಗ ಬೆಳಿಗ್ಗೆ ಮಕ್ಕಳು ಹಾಲು ಕುಡಿದಿಟ್ಟ ಲೋಟವನ್ನೇ ಅವಸರದಲ್ಲಿ ಜಾಲಾಡಿಸಿ ಅದರಲ್ಲಿ ಬಿಯರ್ ಸುರಿಯುತ್ತಾನೆ. ನೊರೆ ಏಳುವುದಿಲ್ಲ. ಎದ್ದರೂ ನಿಲ್ಲುವುದಿಲ್ಲ. ತಪ್ಪೆಲ್ಲ ಬಾರ್ಲಿಯ ಮೇಲೆ, ಯೀಸ್ಟಿನ ಮೇಲೆ ಬೀಳುತ್ತದೆ. ನಿಜವಾದ ಅಪರಾಧಿ ಲೋಟ.

ಕಾರ್ಖಾನೆಯ ಬಿಯರಿಗೂ ಮನೆಯ ಬಿಯರಿಗೂ ಇರುವ ದೊಡ್ಡ ವ್ಯತ್ಯಾಸ ಗಸಿ. ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ಬಿಯರನ್ನು ಶೋಧಿಸಿ, ಇಂಗಾಲದ ಡೈ ಆಕ್ಸೈಡನ್ನು ಒತ್ತಡದಲ್ಲಿ ತುಂಬುತ್ತಾರೆ. ಮನೆಯಲ್ಲಿ ಅಂಥ ಯಂತ್ರಗಳಿಲ್ಲದವರು ಬಾಟಲಿಗೆ ಅಳೆದ ಸಕ್ಕರೆ ಹಾಕಿ ಮುಚ್ಚಳ ಬಿಗಿಯುತ್ತಾರೆ. ಬಿಯರಿನಲ್ಲಿ ಉಳಿದಿರುವ ಯೀಸ್ಟ್ ಆ ಸಕ್ಕರೆಯನ್ನು ತಿಂದು ಅನಿಲ ಬಿಡುತ್ತದೆ. ಹೊರಗೆ ಹೋಗಲು ದಾರಿಯಿಲ್ಲದ ಅನಿಲ ದ್ರವದಲ್ಲೇ ಕರಗುತ್ತದೆ. (ಸಕ್ಕರೆ ಕೈತಪ್ಪಿ ಹೆಚ್ಚಾದರೆ ಬಾಟಲಿ ಸಿಡಿಯುವುದೂ ಉಂಟು.) ಕೆಲಸ ಮುಗಿಸಿದ ಯೀಸ್ಟ್ ಬಾಟಲಿಯ ತಳದಲ್ಲಿ ತೆಳುವಾದ ಬಿಳಿ ಪದರವಾಗಿ ಕೂರುತ್ತದೆ. ಕುಡಿದರೆ ವಿಷವೇನಲ್ಲ, ಆದರೆ ಬಿಯರ್ ಕದಡುತ್ತದೆ, ರುಚಿ ಹಿಟ್ಟುಹಿಟ್ಟಾಗುತ್ತದೆ.

ಇಲ್ಲಿಂದಲೇ ಲೋಟದ ಆಯ್ಕೆಯ ಮೊದಲ ಲೆಕ್ಕ ಶುರುವಾಗುತ್ತದೆ. ಬಾಟಲಿಯನ್ನು ಒಮ್ಮೆ ಬಾಗಿಸಿ ಸ್ವಲ್ಪ ಸುರಿದು ಮತ್ತೆ ನೆಟ್ಟಗೆ ನಿಲ್ಲಿಸಿದರೆ ಒಳಗಿನ ದ್ರವ ಹಿಂದಕ್ಕೆ ನುಗ್ಗಿ ಗಸಿಯನ್ನು ಎಬ್ಬಿಸುತ್ತದೆ. ಎರಡನೆಯ ಸಲ ಸುರಿದದ್ದು ಮಬ್ಬು, ಮೂರನೆಯ ಸಲದ್ದು ಕಲಗಚ್ಚು. ಆದ್ದರಿಂದ ಬಾಟಲಿಯ ಬಿಯರೆಲ್ಲ ಒಂದೇ ಬಾಗಿನಲ್ಲಿ ಹಿಡಿಸಿ, ಮೇಲೆ ನೊರೆಗೂ ಜಾಗ ಉಳಿಯುವಷ್ಟು ದೊಡ್ಡ ಲೋಟ ಬೇಕು. ಅಮೆರಿಕದ ಮಾಮೂಲಿ ಬಾಟಲಿ 355 ಮಿಲಿಲೀಟರಿನದು. ಅಲ್ಲಿನ ಪಿಂಟ್ ಲೋಟ 473 ಮಿಲಿಲೀಟರಿನದು. ಜೋಡಿ ಚೆನ್ನಾಗಿದೆ. ಬ್ರಿಟನ್ನಿನ ಪಿಂಟ್ 568 ಮಿಲಿಲೀಟರ್. ಅಲ್ಲಿನ 500 ಮಿಲಿಲೀಟರ್ ಬಾಟಲಿಗೆ ಅದು ಸಾಕಾಗುತ್ತದೆ, ನೊರೆಗೆ ಮಾತ್ರ ಸ್ವಲ್ಪ ಇಕ್ಕಟ್ಟು. ಇಬ್ಬರಿಗೆ ಹಂಚಬೇಕಾದರೆ ಮೊದಲು ಒಂದು ಗಾಜಿನ ಹೂಜಿಗೆ ಪೂರ್ತಿ ಬಗ್ಗಿಸಿ, ತಳದಲ್ಲಿ ಎರಡು ಬೆರಳಿನಷ್ಟು ಬಾಟಲಿಯಲ್ಲೇ ಬಿಟ್ಟು, ಆಮೇಲೆ ಹಂಚುವುದು ಜಾಣತನ. ನಮ್ಮ ಅಜ್ಜಿಯಂದಿರು ತುಪ್ಪ ಬಗ್ಗಿಸುವಾಗ ತಳದ ಗಸಿ ಕದಡದಂತೆ ಕೈ ಹಿಡಿಯುತ್ತಿದ್ದ ಹಾಗೆ.

ಇದಕ್ಕೊಂದು ಅಪವಾದ ಜರ್ಮನಿಯ ಬವೇರಿಯಾ ಪ್ರಾಂತ್ಯದ ಗೋಧಿ ಬಿಯರ್. ಅಲ್ಲಿ ಯೀಸ್ಟ್ ಬೇಕೇ ಬೇಕು. ಕೊನೆಯಲ್ಲಿ ಉಳಿದ ಸ್ವಲ್ಪ ಬಿಯರನ್ನು ಬಾಟಲಿಯಲ್ಲೇ ಗಿರಗಿರನೆ ತಿರುಗಿಸಿ, ಗಸಿಸಮೇತ ಲೋಟಕ್ಕೆ ಸುರಿಯುತ್ತಾರೆ. ಈ ಬಿಯರಿನಲ್ಲಿ ಅನಿಲವೂ ಹೆಚ್ಚು. ಅದಕ್ಕೆಂದೇ ಇರುವ ಲೋಟ ಎತ್ತರವಾಗಿದ್ದು, ಕೆಳಗೆ ಸಪೂರ, ಮೇಲೆ ಅಗಲ. ಅರ್ಧ ಲೀಟರ್ ಬಿಯರಿನ ಮೇಲೆ ದಪ್ಪ ನೊರೆ ನಿಲ್ಲಲು ಮೇಲುಗಡೆಯ ಆ ಹರವು ಬೇಕು.

ನೊರೆ ಎಂದರೆ ಕುಡಿಯುವವನಿಗೆ ಮಾಡುವ ಮೋಸ, ಲೋಟ ತುಂಬಿದಂತೆ ತೋರಿಸುವ ಉಪಾಯ ಎಂದು ಭಾವಿಸುವವರು ಎಲ್ಲ ಕಡೆ ಇದ್ದಾರೆ. ಪಾನಗೃಹದ ಮಟ್ಟಿಗೆ ಆ ಅನುಮಾನ ಪೂರ್ತಿ ಸುಳ್ಳಲ್ಲದಿರಬಹುದು. ಆದರೆ ಸೋಡಾ ಬಾಟಲಿಯಲ್ಲೂ ಇಂಗಾಲದ ಡೈ ಆಕ್ಸೈಡ್ ಇದೆ; ಅದರ ನೊರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಬಿಯರಿನ ನೊರೆ ನಿಲ್ಲುವುದು ಬಾರ್ಲಿಯಿಂದ ಬಂದ ಪ್ರೋಟೀನು ಮತ್ತು ಹಾಪ್ಸಿನ ಕಹಿ ಅಂಶಗಳು ಕೂಡಿ ಪ್ರತಿ ಗುಳ್ಳೆಯ ಸುತ್ತ ಹೆಣೆಯುವ ಪೊರೆಯಿಂದ. ಗುಳ್ಳೆಗಳು ಸಿಡಿದಂತೆ ಪರಿಮಳ ಹೊರಬರುತ್ತದೆ. ಹಾಪ್ಸಿನ ಕಹಿ ನೊರೆಯಲ್ಲೇ ಹೆಚ್ಚು ಸೇರಿಕೊಂಡಿರುವುದರಿಂದ ಮೊದಲ ಗುಟುಕು ಕಹಿ, ಅನಂತರದ್ದು ಮೃದು. ನೊರೆಯಿಲ್ಲದ ಬಿಯರಿನಲ್ಲಿ ಈ ಏರಿಳಿತ ಸಿಕ್ಕುವುದಿಲ್ಲ.

ನೊರೆ ಇಳಿಯುವ ಬಗೆಯಲ್ಲೂ ಒಂದು ಗಣಿತವಿದೆ. ಮ್ಯೂನಿಕ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಆರ್ಂಟ್ ಲೈಕೆ ಮೂರು ಬಗೆಯ ಬಿಯರ್ ಸುರಿದು, ನೊರೆಯ ಎತ್ತರವನ್ನು ಆಗಾಗ ಅಳೆದರು. ನೊರೆ ಮೊದಲರ್ಧ ಇಳಿಯಲು ಎಷ್ಟು ಹೊತ್ತು ಬೇಕೋ, ಉಳಿದುದರ ಅರ್ಧ ಇಳಿಯಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ರೇಡಿಯಂನಂಥ ವಿಕಿರಣಶೀಲ ಧಾತುಗಳು ಕ್ಷಯಿಸುವ ನಿಯಮವೂ ಇದೇ. ವಿದ್ಯಾರ್ಥಿಗಳಿಗೆ ಈ ನಿಯಮವನ್ನು ಅಪಾಯವಿಲ್ಲದೆ ತೋರಿಸಲು ಬಿಯರ್ ಸಾಕೆಂದು ಬರೆದ ಅವರಿಗೆ 2002ರಲ್ಲಿ ಇಗ್ ನೊಬೆಲ್ ಎಂಬ ವಿನೋದದ ಬಹುಮಾನ ಬಂತು. ವಿನೋದವೇ ಆದರೂ ಅಳತೆ ಗಟ್ಟಿಯಾದದ್ದು. ಮೂರರಲ್ಲಿ ಹೆಚ್ಚು ಹೊತ್ತು ನೊರೆ ಉಳಿಸಿಕೊಂಡದ್ದು ಗೋಧಿ ಬಿಯರ್.

ಆ ಪೊರೆಗೆ ಪರಮಶತ್ರು ಜಿಡ್ಡು. ಹಾಲಿನ ಕೊಬ್ಬು, ಎಣ್ಣೆ, ತುಪ್ಪ, ತುಟಿಗೆ ಹಚ್ಚಿದ ಬಣ್ಣ, ಕರಿದ ತಿಂಡಿ ತಿಂದ ಬಾಯಿ ಇವುಗಳಲ್ಲಿ ಯಾವುದೇ ಆಗಲಿ, ಪೊರೆಯೊಳಗೆ ನುಸುಳಿ ಅದನ್ನು ಹರಿಯುತ್ತದೆ. ಜಿಡ್ಡು ತೆಗೆಯಲು ಹಾಕಿದ ಸೋಪು ಲೋಟದಲ್ಲಿ ಉಳಿದರೆ ಅದೂ ಅಷ್ಟೇ ಕೆಟ್ಟದ್ದು. ಲೋಟ ನಿಜಕ್ಕೂ ಶುದ್ಧವಾಗಿದೆಯೇ ಎಂದು ನೋಡಲು ಸುಲಭದ ಪರೀಕ್ಷೆಯೊಂದಿದೆ. ಲೋಟದ ಒಳಮೈಯನ್ನು ನೀರಿನಿಂದ ಒದ್ದೆಮಾಡಿ, ಚೆನ್ನಾಗಿ ಬಸಿದು, ಒಳಗೆ ಪುಡಿ ಉಪ್ಪು ಎರಚಬೇಕು. ಶುದ್ಧ ಗಾಜಿನ ಮೇಲೆ ನೀರು ಒಂದೇ ಪದರವಾಗಿ ಹರಡಿರುತ್ತದೆ, ಉಪ್ಪು ಎಲ್ಲ ಕಡೆ ಸಮನಾಗಿ ಅಂಟುತ್ತದೆ. ಜಿಡ್ಡಿರುವಲ್ಲಿ ನೀರು ಹನಿಹನಿಯಾಗಿ ಜಾರಿರುತ್ತದೆ, ಉಪ್ಪು ಅಲ್ಲಿ ನಿಲ್ಲುವುದಿಲ್ಲ. ಉಪ್ಪಿಲ್ಲದೆಯೂ ತಿಳಿಯುತ್ತದೆ: ಶುದ್ಧ ಲೋಟದಲ್ಲಿ ಕುಡಿದಂತೆಲ್ಲ ನೊರೆ ಒಳಗೋಡೆಯ ಮೇಲೆ ಬಳೆಬಳೆಯಾಗಿ ಗುರುತು ಬಿಡುತ್ತದೆ; ಕೊಳಕು ಲೋಟದಲ್ಲಿ ಗುಳ್ಳೆಗಳು ಗೋಡೆಗೆ ಕಚ್ಚಿಕೊಂಡು ಕೂರುತ್ತವೆ. ಹೀಗಾಗಿ ಬಿಯರಿನ ಲೋಟಗಳನ್ನು ಬೇರೆಯೇ ಇಟ್ಟು, ಬೇರೆಯೇ ತೊಳೆದು, ಬಟ್ಟೆಯಿಂದ ಒರೆಸದೆ, ಗಾಳಿಯಾಡುವ ಜಾಲರಿಯ ಮೇಲೆ ಬೋರಲು ಹಾಕಿ ಒಣಗಿಸುವುದು ವಾಡಿಕೆ. ಬೆಲೆಬಾಳುವ ಲೋಟ ಕೊಳ್ಳುವುದಕ್ಕಿಂತ ಇದು ದೊಡ್ಡ ವಿಷಯ. ಹತ್ತು ರೂಪಾಯಿಯ ಶುದ್ಧ ಲೋಟದ ಮುಂದೆ ಸಾವಿರ ರೂಪಾಯಿಯ ಜಿಡ್ಡು ಲೋಟ ಸೋಲುತ್ತದೆ.

ಇನ್ನು ತಣ್ಣಗಿನ ಮಾತು. ದಪ್ಪ ಗಾಜಿನ, ಹಿಡಿಯಿರುವ ಮಗ್ ನೋಡಲು ಗಂಭೀರ. ಹಿಡಿ ಇರುವುದರಿಂದ ಅಂಗೈಯ ಬಿಸಿ ಬಿಯರಿಗೆ ತಾಗದು. ಆದರೆ ಗಾಜಿನದೇ ಬಿಸಿ ಇದೆಯಲ್ಲ! ಅರ್ಧ ಕಿಲೋ ತೂಗುವ ಮಗ್ ಬೇಸಿಗೆಯ ಮನೆಯಲ್ಲಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿದೆ ಎನ್ನೋಣ. ಅದಕ್ಕೆ 6 ಡಿಗ್ರಿಯ ಅರ್ಧ ಲೀಟರ್ ಬಿಯರ್ ಸುರಿದರೆ? ಒಂದೇ ತೂಕದ ಗಾಜು ಹಿಡಿದಿಟ್ಟುಕೊಳ್ಳುವ ಉಷ್ಣ ನೀರಿನ ಐದನೆಯ ಒಂದು ಪಾಲು. ಲೆಕ್ಕ ಹಾಕಿದರೆ ಎರಡೂ 10 ಡಿಗ್ರಿಗೆ ಬಂದು ನಿಲ್ಲುತ್ತವೆ. ಒಂದು ಗುಟುಕೂ ಕುಡಿಯುವ ಮೊದಲೇ ನಾಲ್ಕು ಡಿಗ್ರಿ ಹೋಯಿತು. ತೆಳು ಗಾಜಿನ ಲೋಟದಲ್ಲಿ ಈ ನಷ್ಟ ತೀರ ಕಡಿಮೆ. ಹಾಗೆಂದು ಮಗ್ಗನ್ನು ಮಂಜುಗಟ್ಟುವ ಪೆಟ್ಟಿಗೆಯಲ್ಲಿಟ್ಟು ಬೆಳ್ಳಗೆ ಹಿಮ ಹಿಡಿಸುವುದು ಇನ್ನೊಂದು ಅತಿ. ಒಳಮೈಯ ಹಿಮದ ಹರಳುಗಳಿಗೆ ತಾಗಿದೊಡನೆ ಅನಿಲವೆಲ್ಲ ಒಮ್ಮೆಗೇ ನೊರೆಯಾಗಿ ಉಕ್ಕುತ್ತದೆ. ಹಿಮ ಕರಗಿದ ನೀರು ಬಿಯರಿಗೆ ಸೇರುತ್ತದೆ. ಅತಿ ತಂಪಿಗೆ ನಾಲಗೆ ಮರಗಟ್ಟಿ ರುಚಿಯೇ ತಿಳಿಯುವುದಿಲ್ಲ. ತಣ್ಣೀರಿನಲ್ಲಿ ಜಾಲಾಡಿಸಿದ ಲೋಟ ಸಾಕು. ಒದ್ದೆ ಗಾಜಿನಲ್ಲಿ ನೊರೆ ಹಿಡಿತಕ್ಕೆ ಸಿಗುತ್ತದೆ ಎಂಬುದು ಬೇರೆ ಲಾಭ.

ಆಕಾರದ ವಿಷಯದಲ್ಲಿ ಬಾಯಿಮಾತಿನ ಹೆಚ್ಚುಗಾರಿಕೆಯೂ, ಅಂಗಡಿಯವರ ಉಪಾಯವೂ ಬೇಕಾದಷ್ಟಿವೆ. ಬೆಲ್ಜಿಯಂನಲ್ಲಂತೂ ಬ್ರಾಂಡಿಗೊಂದು ಲೋಟ. ಅಷ್ಟೆಲ್ಲ ಬೇಕಿಲ್ಲ. ಹೊಟ್ಟೆ ಅಗಲವಾಗಿ ಬಾಯಿ ಕಿರಿದಾದ ಲೋಟದಲ್ಲಿ ಪರಿಮಳ ಚದುರದೆ ಉಳಿಯುತ್ತದೆ ಎಂಬಷ್ಟು ಮಾತ್ರ ಎಲ್ಲರೂ ಕಂಡುಕೊಳ್ಳಬಹುದು. ಆದರೆ ಆಕಾರಕ್ಕೆ ಇನ್ನೊಂದು ಮುಖವಿದೆ, ಅದು ತಮಾಷೆಯದಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ಪ್ರಮಾಣದ ಬಿಯರನ್ನು ಕೆಲವರಿಗೆ ನೆಟ್ಟನೆಯ ಲೋಟದಲ್ಲೂ ಕೆಲವರಿಗೆ ಬಾಗಿದ ಗೋಡೆಯ ಲೋಟದಲ್ಲೂ ಕೊಟ್ಟರು. ನೆಟ್ಟನೆಯ ಲೋಟದವರು ಮುಗಿಸಲು ಸುಮಾರು 11 ನಿಮಿಷ ತೆಗೆದುಕೊಂಡರೆ, ಬಾಗಿದ ಲೋಟದವರು ಸುಮಾರು 7 ನಿಮಿಷಕ್ಕೇ ಮುಗಿಸಿದ್ದರು. ಬಾಗಿದ ಲೋಟದಲ್ಲಿ ಅರ್ಧ ಎಲ್ಲಿಗೆ ಎಂಬುದನ್ನು ಕಣ್ಣು ತಪ್ಪಾಗಿ ಅಂದಾಜು ಮಾಡುತ್ತದೆ ಎಂಬುದು ಅವರು ಕೊಟ್ಟ ವಿವರಣೆ. ಮನೆಯ ಬಿಯರಿನ ಬಾಟಲಿಗೆ ಚೀಟಿ ಇರುವುದಿಲ್ಲ. ಒಳಗೆ ಎಷ್ಟು ಮದ್ಯಸಾರವಿದೆ ಎಂಬುದು ಮಾಡಿದವನಿಗಷ್ಟೇ ಗೊತ್ತು. ಶೇ. 5ರ ಬಿಯರ್ ಅರ್ಧ ಲೀಟರಿನಲ್ಲಿ 25 ಮಿಲಿಲೀಟರ್ ಮದ್ಯಸಾರ. ಶೇ. 9ರ ಗಟ್ಟಿ ಬಿಯರ್ ಆದರೆ ಕಾಲು ಲೀಟರಿನಲ್ಲೇ ಅದರ ಹತ್ತಿರ ಹತ್ತಿರ ಬರುತ್ತದೆ. ಗಟ್ಟಿ ಬಿಯರಿಗೆ ಸಣ್ಣ ಲೋಟ ಎಂಬ ಯುರೋಪಿನ ಹಳೆಯ ಪದ್ಧತಿಯನ್ನು ಮನೆಯವರು ಮುರಿಯದಿರುವುದು ನೆಂಟರಿಗೆ ಮಾಡುವ ಉಪಕಾರ. ಮನೆಗೆ ವಾಹನ ಓಡಿಸಿಕೊಂಡು ಹೋಗುವ ನೆಂಟನಿಗಾದರೆ ಸಣ್ಣ ಲೋಟವೂ ಬೇಡ.

ಗಾಜು ಬಿಯರಿನ ಪಾತ್ರೆಯಾಗಿ ಮೆರೆಯತೊಡಗಿದ್ದು ತೀರ ಹಳೆಯ ಕಥೆಯಲ್ಲ. ಬೊಹೀಮಿಯಾದ ಪ್ಲಜೆನ್ ಪಟ್ಟಣದಲ್ಲಿ 1842ರಲ್ಲಿ ಯೋಸೆಫ್ ಗ್ರೋಲ್ ಎಂಬ ಬವೇರಿಯಾದ ಕುಶಲಿ ಹೊಂಬಣ್ಣದ ತಿಳಿ ಬಿಯರ್ ಇಳಿಸಿದ. ಆ ಬಣ್ಣ ಕಾಣಬೇಕಾದರೆ ಗಾಜೇ ಬೇಕಲ್ಲವೇ? ಅದಕ್ಕೂ ಮೊದಲು ಮರ, ಚರ್ಮ, ಮಣ್ಣು, ಲೋಹಗಳ ಪಾತ್ರೆಗಳೇ ಹೆಚ್ಚು. ಇಂದಿನ ಹವ್ಯಾಸಿಗಳೂ ಹಳೆಯ ಸಾಮಾನಿನಂಗಡಿಯಲ್ಲಿ ಕಂಡ ತಾಮ್ರದ ಚೊಂಬು, ಸೀಸದ ಬೆರಕೆಯ ಮಗ್, ಬಣ್ಣದ ಮಣ್ಣಿನ ಕುಡಿಕೆಗಳಿಗೆ ಮನಸೋಲುತ್ತಾರೆ. ಎಚ್ಚರ ಬೇಕಾದದ್ದು ಇಲ್ಲಿ. ಬಿಯರ್ ಹುಳಿಯಾದ ದ್ರವ. ಅದರ ಪಿಎಚ್ ಸುಮಾರು 4ರಿಂದ 4.5. ಪಿಎಚ್ 6ಕ್ಕಿಂತ ಕಡಿಮೆ ಇರುವ ಆಹಾರ ತಾಮ್ರಕ್ಕೆ ತಾಗಬಾರದೆಂದು ಅಮೆರಿಕದ ಆಹಾರ ಇಲಾಖೆಯ ಮಾದರಿ ನಿಯಮಗಳು ಹೇಳುತ್ತವೆ. ಕರ್ನಾಟಕದ ಅಡುಗೆಮನೆಗೆ ಇದು ಹೊಸ ಪಾಠವಲ್ಲ. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸದೆ ಹುಳಿ, ಸಾರು, ಮಜ್ಜಿಗೆ ಇಟ್ಟರೆ ಕಿಲುಬು ಬರುತ್ತದೆಂದು ಅಕ್ಷರ ತಿಳಿಯದ ಗೃಹಿಣಿಗೂ ಗೊತ್ತಿತ್ತು. ಬೀದಿಯಲ್ಲಿ ತಿದಿ ಒತ್ತುತ್ತ ಕೂರುತ್ತಿದ್ದ ಕಲಾಯಿಯವನ ಬದುಕು ನಿಂತದ್ದೇ ಆ ತಿಳಿವಳಿಕೆಯ ಮೇಲೆ. ಬಿಯರಿಗೂ ಅದೇ ನಿಯಮ. ತಾಮ್ರದ ಹೊರಮೈ, ಒಳಗೆ ತವರದ ಅಥವಾ ಸ್ಟೀಲಿನ ಪದರ ಇದ್ದರೆ ಚಿಂತೆಯಿಲ್ಲ.

ಇನ್ನೂ ದೊಡ್ಡ ಭಯ ಸೀಸದ್ದು. ಪ್ಯೂಟರ್ ಎಂಬ ತವರದ ಮಿಶ್ರಲೋಹದ ಹಳೆಯ ಮಗ್‌ಗಳಲ್ಲಿ ಸೀಸ ಬೆರೆತಿರುತ್ತಿತ್ತು. ಈಗಿನವನ್ನು ಸೀಸವಿಲ್ಲದೆ ಮಾಡುತ್ತಾರೆ. ಸೀಸ ಬೆರೆತ ಲೇಪದಿಂದ ಮೆರುಗು ಕೊಟ್ಟ ಮಣ್ಣಿನ ಪಾತ್ರೆಯಲ್ಲಿ ಹುಳಿ ದ್ರವ ನಿಂತರೆ ಸೀಸ ಕರಗಿ ಬರುತ್ತದೆ. ಅದು ಕಣ್ಣಿಗೆ ಕಾಣದು, ನಾಲಗೆಗೆ ತಿಳಿಯದು, ದೇಹದಲ್ಲಿ ಸೇರುತ್ತ ಹೋಗುತ್ತದೆ. ಎಲ್ಲಿ, ಯಾರು, ಯಾವಾಗ ಮಾಡಿದರೆಂದು ಗೊತ್ತಿಲ್ಲದ ಚಂದದ ಕುಡಿಕೆ ಗೋಡೆಗೂಡಿನಲ್ಲಿರಲಿ. ಜರ್ಮನಿಯ ರೈನ್ ಪ್ರದೇಶದ ಬೂದುನೀಲಿ ಬಣ್ಣದ ಕಲ್ಲುಮಣ್ಣಿನ ಮಗ್‌ಗಳ ಮಾತು ಬೇರೆ. ಅವುಗಳ ಮೆರುಗು ಉರಿಯುವ ಭಟ್ಟಿಗೆ ಎರಚಿದ ಉಪ್ಪಿನಿಂದ ಬಂದದ್ದು, ಸೀಸದಿಂದಲ್ಲ. ಬಯಲಿನಲ್ಲಿ ಕುಳಿತು ಕುಡಿಯುವವರಿಗೆ ಅವು ಗಾಜಿಗಿಂತ ವಾಸಿ. ಹಾಪ್ಸಿನ ಕಹಿ ಅಂಶ ಬಿಸಿಲಿಗೆ ಒಡೆದು ಗಂಧಕದ ಕೆಟ್ಟ ವಾಸನೆಯ ವಸ್ತುವೊಂದು ಹುಟ್ಟುತ್ತದೆ. ಬಿಯರ್ ಬಾಟಲಿಗಳು ಕಂದು ಬಣ್ಣದಲ್ಲಿರುವುದು ಅದಕ್ಕೇ. ಪಾರದರ್ಶಕ ಲೋಟದಲ್ಲಿ, ಬಿರುಬಿಸಿಲಿನಲ್ಲಿ, ಕೆಲವೇ ನಿಮಿಷಗಳಲ್ಲಿ ಈ ವಾಸನೆ ಮೂಗಿಗೆ ಬಡಿಯಬಲ್ಲದು. ನಮ್ಮ ಸ್ಟೀಲ್ ಲೋಟಕ್ಕೆ ಯಾವ ದೋಷವೂ ಇಲ್ಲ. ಬಣ್ಣ ಕಾಣದು, ಅಂಗೈ ಬಿಸಿ ಬೇಗ ಒಳಗಿಳಿಯುತ್ತದೆ, ಅಷ್ಟೆ.

ಇಷ್ಟೆಲ್ಲ ಸೋಸಿ ತಿಳಿಯಾದ, ತಣ್ಣಗಿನ, ಗುಳ್ಳೆಯೇಳುವ ಬಿಯರಿನ ಮಾತಾಯಿತು. ಸೋಸದೆಯೇ ಕುಡಿಯಲು ಕೊಡುವ, ಬಿಸಿಯಾಗಿ ಹೀರುವ ಮನೆಬಿಯರೂ ಒಂದಿದೆ. ಅದಕ್ಕೆ ಬೇಕಾದ ಪಾತ್ರೆಯ ಲೆಕ್ಕವೇ ಬೇರೆ. ಅದರ ಧಾನ್ಯವಂತೂ ಕನ್ನಡಿಗರ ಸ್ವಂತದ್ದೆನಿಸುವ ರಾಗಿ.

ನೇಪಾಳದ ಪೂರ್ವಭಾಗ, ಸಿಕ್ಕಿಂ, ಡಾರ್ಜಿಲಿಂಗ್ ಬೆಟ್ಟಗಳಲ್ಲಿ ರಾಗಿಗೆ ಕೊದೊ ಎನ್ನುತ್ತಾರೆ. ಅಲ್ಲಿನ ಲಿಂಬು ಜನ ರಾಗಿಯನ್ನು ಹಿಟ್ಟುಮಾಡದೆ ಇಡಿಯಾಗಿ ಬೇಯಿಸಿ, ಆರಿಸಿ, ಮಾರ್ಚಾ ಎಂಬ ಒಣ ಹೆಪ್ಪಿನ ಬಿಲ್ಲೆಯನ್ನು ಪುಡಿಮಾಡಿ ಬೆರೆಸುತ್ತಾರೆ. ಬಿಲ್ಲೆಯಲ್ಲಿ ಬೂಷ್ಟು, ಯೀಸ್ಟ್, ಹುಳಿ ಬರಿಸುವ ಬ್ಯಾಕ್ಟೀರಿಯಾ ಮೂರೂ ಇವೆ. ಬಾರ್ಲಿ ಬಿಯರಿನಲ್ಲಿ ಮೊಳಕೆಯ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ; ಇಲ್ಲಿ ಆ ಕೆಲಸ ಬೂಷ್ಟಿನದು. ಹುದುಗು ಮುಗಿದಾಗ ಕೈಗೆ ಬರುವುದು ದ್ರವವಲ್ಲ, ಮದ್ಯಸಾರ ತುಂಬಿಕೊಂಡ ಒದ್ದೆ ರಾಗಿಕಾಳು. ಅದನ್ನು ಬಿಯರ್ ಮಾಡುವುದು ಪಾತ್ರೆ.

ಆ ಪಾತ್ರೆಯ ಹೆಸರು ತೊಂಗ್ಬಾ. ಪಾನೀಯಕ್ಕೂ ಜನ ಅದೇ ಹೆಸರು ಹೇಳುವುದುಂಟು. ಬಿದಿರಿನ ಒಂದು ಗಿಣ್ಣೇ ತಳವಾಗುವಂತೆ ಕತ್ತರಿಸಿದ ದಪ್ಪ ಕೊಳವೆ, ಇಲ್ಲವೆ ಮರದ್ದು. ನಡುವೆ ತೂತಿರುವ ಮುಚ್ಚಳ. ಅದರ ತುಂಬ ಹುದುಗಿದ ರಾಗಿ ಹಾಕಿ, ಮೇಲೆ ಬಿಸಿನೀರು ಹೊಯ್ದು, ಐದಾರು ನಿಮಿಷ ಬಿಡುತ್ತಾರೆ. ಕಾಳಿನೊಳಗಿನ ಮದ್ಯಸಾರವೂ ಹುಳಿಯೂ ಸಿಹಿಯೂ ನೀರಿಗೆ ಇಳಿಯುತ್ತವೆ. ಆಮೇಲೆ ಪಿಪ್ಸಿಂಗ್ ಎಂಬ ಬಿದಿರಿನ ಹೀರುಗೊಳವೆಯನ್ನು ಇಳಿಬಿಟ್ಟು ನಿಧಾನವಾಗಿ ಹೀರಬೇಕು. ರಾಗಿಕಾಳಿನ ಅಡ್ಡಳತೆ ಒಂದೂವರೆ ಮಿಲಿಮೀಟರಿನ ಆಸುಪಾಸು. ಕೊಳವೆಯ ತುದಿ ತೆರೆದಿದ್ದರೆ ಮೊದಲ ಗುಟುಕಿನಲ್ಲೇ ಬಾಯಿತುಂಬ ರಾಗಿ. ಆದ್ದರಿಂದ ತುದಿಯನ್ನು ಮುಚ್ಚಿ, ಪಕ್ಕದಲ್ಲಿ ಕಾಳು ನುಸುಳದಷ್ಟು ಸಣ್ಣ ಸೀಳುಗಳನ್ನು ಕೊರೆದಿರುತ್ತಾರೆ. ಜರಡಿಯೂ ಅದೇ, ಕೊಳವೆಯೂ ಅದೇ.

ಬಿದಿರು ಉಷ್ಣವನ್ನು ಬೇಗ ಸಾಗಿಸದು. ಚಳಿಯ ಬೆಟ್ಟದಲ್ಲಿ ಒಳಗಿನ ನೀರು ಬಿಸಿಯಾಗಿಯೇ ಉಳಿಯುತ್ತದೆ, ಹಿಡಿದ ಕೈ ಸುಡುವುದಿಲ್ಲ. ಬಿಸಿ ಹೆಚ್ಚಿದಷ್ಟೂ ದ್ರವದಲ್ಲಿ ಅನಿಲ ನಿಲ್ಲದು. ಹಾಗಾಗಿ ಇಲ್ಲಿ ನೊರೆಯ ಚಿಂತೆಯಿಲ್ಲ, ನೊರೆಗಾಗಿ ಮಾಡಿದ ಸೊಗಸಿನ ಗಾಜಿನ ಲೋಟಕ್ಕೆ ಕೆಲಸವೂ ಇಲ್ಲ. ಈಗೀಗ ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ ತೊಂಗ್ಬಾಗಳೂ ಬಳಕೆಗೆ ಬಂದಿವೆ. ಸುಲಭವಾಗಿ ತೊಳೆಯಬಹುದು, ಒಡೆಯುವುದಿಲ್ಲ ಎಂಬುದು ನಿಜ. ಆದರೆ ಅಲ್ಯೂಮಿನಿಯಂ ಬಿಸಿಯನ್ನು ನೇರ ಬೆರಳಿಗೆ ದಾಟಿಸುತ್ತದೆ. ಬಿಸಿ ಹುಳಿಗೆ ಅದೂ ಒಳ್ಳೆಯ ಜೊತೆಯಲ್ಲ.

ಹೀರುಗೊಳವೆ ಹಿಮಾಲಯದ ಸ್ವತ್ತೇನೂ ಅಲ್ಲ. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನೆಲ. ಅಲ್ಲಿನ ಉಗಾಂಡದಲ್ಲಿ ತೇಸೊ ಜನ ಅಜೋನ್ ಎಂಬ ರಾಗಿ ಬಿಯರ್ ಮಾಡಿ, ದೊಡ್ಡ ಮಡಕೆಗೆ ಬಿಸಿನೀರು ಹೊಯ್ದು, ಸುತ್ತ ಕುಳಿತು ಉದ್ದುದ್ದ ಕೊಳವೆಗಳಿಂದ ಹೀರುತ್ತಾರೆ. ಇನ್ನೂ ಹಿಂದಕ್ಕೆ ಹೋದರೆ, ಮೆಸಪೊಟೇಮಿಯಾದ ಊರ್ ನಗರದಲ್ಲಿ ಲಿಯೊನಾರ್ಡ್ ವೂಲಿ 1920ರ ದಶಕದಲ್ಲಿ ಅಗೆದ ರಾಣಿ ಪುಅಬಿಯ ಗೋರಿಯಲ್ಲಿ ಬೆಲೆಬಾಳುವ ಲೋಹದ ಹೀರುಗೊಳವೆಗಳು ಸಿಕ್ಕಿದವು. ಕಾಕಸಸ್ಸಿನ ಮೈಕೋಪ್ ದಿಬ್ಬದಲ್ಲಿ 1897ರಲ್ಲಿ ಸಿಕ್ಕಿದ್ದ, ಒಂದು ಮೀಟರಿಗಿಂತ ಉದ್ದದ ಎಂಟು ಬೆಳ್ಳಿ-ಬಂಗಾರದ ಕೊಳವೆಗಳನ್ನು ರಾಜದಂಡಗಳೆಂದೋ ಚಪ್ಪರದ ಕೋಲುಗಳೆಂದೋ ಬಹುಕಾಲ ನಂಬಲಾಗಿತ್ತು. ರಷ್ಯದ ಪುರಾತತ್ವಜ್ಞರು 2022ರಲ್ಲಿ ಅವುಗಳ ತುದಿಯ ಸಣ್ಣ ರಂಧ್ರಗಳನ್ನು ಗಮನಿಸಿ, ಇವು ಒಂದೇ ಪಾತ್ರೆಯಿಂದ ಹಲವರು ಬಿಯರ್ ಹೀರುತ್ತಿದ್ದ ಕೊಳವೆಗಳಿರಬೇಕೆಂದು ವಾದಿಸಿದರು. ಬಿದಿರಿನ ಸೀಳು ಮಾಡುವ ಕೆಲಸವನ್ನೇ ಅಲ್ಲಿ ಬೆಳ್ಳಿಯ ರಂಧ್ರ ಮಾಡುತ್ತಿತ್ತು.

ತೊಂಗ್ಬಾ ಕುಡಿಯಲು ಮೊದಲ ಸಲ ಕುಳಿತವರು ಸಕ್ಕರೆ ಕದಡುವಂತೆ ಕೊಳವೆಯಿಂದ ರಾಗಿಯನ್ನು ಕಲಕಲು ಹೋಗುತ್ತಾರೆ. ಹಾಗೆ ಮಾಡಿದರೆ ಸಿಪ್ಪೆ ಕಳಚಿ ಸೀಳುಗಳಿಗೆ ಸಿಕ್ಕಿಕೊಳ್ಳುತ್ತದೆ, ಹೀರಿದರೆ ಏನೂ ಬರುವುದಿಲ್ಲ. ಸುಮ್ಮನೆ ಬಿಟ್ಟು, ನೀರು ತಗ್ಗಿದಾಗ ಮತ್ತೆ ಬಿಸಿನೀರು ಹೊಯ್ಯಬೇಕು. ಎರಡನೆಯ ನೀರು ಮೊದಲಿನದಕ್ಕಿಂತ ತೆಳು, ಮೂರನೆಯದು ಇನ್ನೂ ತೆಳು. ರುಚಿ ಪೂರ್ತಿ ಸಪ್ಪೆಯಾದ ಮೇಲೆ ಪಾತ್ರೆಯನ್ನು ಬೋರಲು ಮಾಡಿ, ಉಳಿದ ರಾಗಿಯನ್ನು ಹಂದಿಗೋ ದನಕ್ಕೋ ಹಾಕುತ್ತಾರೆ.